ಹೆಚ್ಚು ಮತ ಬಂದರೂ ಸೋತದ್ದೇಕೆ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: 2016ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಟ್ರಂಪ್‌ಗಿಂತ 28 ಲಕ್ಷ ಮತ ಹೆಚ್ಚು ಬಂದಿತ್ತಂತೆ. ಆದರೂ ಸೋತರು. ಮತಯಂತ್ರದಲ್ಲಿ ಮೋಸ ತಾನೇ?

ಈ ಪತ್ರ ವರ್ಷವರ್ಷವೂ ಬರುತ್ತದೆ, ಕೆಳಗಿನ ಸಹಿ ಮಾತ್ರ ಬೇರೆ. ಮೋಸವಲ್ಲ, ಮಹನೀಯರೇ. ಮತ ಬಿದ್ದ ಜಾಗ ತಪ್ಪಿತು. 538, 270 ಎಂಬ ಅಂಕಿಗಳನ್ನು ಟಿವಿಯಲ್ಲಿ ಸಾಕಷ್ಟು ನೋಡಿದ್ದೀರಿ: ಅಧ್ಯಕ್ಷರನ್ನು ಆರಿಸುವವರು ರಾಜ್ಯಗಳಿಗೆ ಹಂಚಿದ 538 ಎಲೆಕ್ಟರುಗಳು, 270 ಸಿಕ್ಕರೆ ಗೆಲುವು. ಬಹುತೇಕ ರಾಜ್ಯಗಳಲ್ಲಿ ಹೆಚ್ಚು ಮತ ಪಡೆದವರಿಗೇ ಅಲ್ಲಿನ ಎಲ್ಲ ಎಲೆಕ್ಟರುಗಳೂ. ಕ್ಲಿಂಟನ್ ಕ್ಯಾಲಿಫೋರ್ನಿಯ ಒಂದರಲ್ಲೇ 42 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ದಕ್ಕಿದ್ದು ಅಲ್ಲಿನ 55 ಎಲೆಕ್ಟರುಗಳು. ಒಂದೇ ಮತದಿಂದ ಗೆದ್ದಿದ್ದರೂ ಅದೇ 55. ಉಳಿದದ್ದೆಲ್ಲ ತುಂಬಿದ ಕೆರೆಯ ಮೇಲೆ ಸುರಿದ ಮಳೆ, ಕೋಡಿಯಲ್ಲಿ ಹರಿದುಹೋಯಿತು. ಅತ್ತ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಮೂರನ್ನೂ ಕೂಡಿಸಿದರೂ ಟ್ರಂಪ್ ಮುನ್ನಡೆ 80 ಸಾವಿರ ಮುಟ್ಟಲಿಲ್ಲ. ಅಷ್ಟಕ್ಕೇ 46 ಎಲೆಕ್ಟರುಗಳು ಅವರ ಪಾಲಾದರು. ಕ್ಲಿಂಟನ್ ಪಕ್ಷದ ಅಧಿಕೃತ ಅಭ್ಯರ್ಥಿಯಾದ ಮೇಲೆ ವಿಸ್ಕಾನ್ಸಿನ್‌ಗೆ ಒಮ್ಮೆಯೂ ಪ್ರಚಾರಕ್ಕೆ ಹೋಗಲಿಲ್ಲ. ಯಂತ್ರವನ್ನು ದೂರುವವರು ಮೊದಲು ಇದಕ್ಕೆ ಉತ್ತರ ಹೇಳಲಿ.

ಇದೇನು ವಿಚಿತ್ರ ಪದ್ಧತಿ ಎಂದು ಹುಬ್ಬೇರಿಸಬೇಡಿ. 2018ರಲ್ಲಿ ನಮ್ಮ ವಿಧಾನಸಭೆಗೆ ಚುನಾವಣೆ ನಡೆದಾಗಲೂ ಹೆಚ್ಚು ಮತ ಕಾಂಗ್ರೆಸ್‌ಗೆ, ಹೆಚ್ಚು ಸ್ಥಾನ ಬಿಜೆಪಿಗೆ ಬಂದವು.

ಗೆದ್ದವರೂ ಕೂದಲೆಳೆಯಲ್ಲಿ ಪಾರಾಗಿದ್ದಾರೆ. 2020ರಲ್ಲಿ ಬೈಡನ್‌ಗೆ ದೇಶದಲ್ಲಿ 70 ಲಕ್ಷದ ಮುನ್ನಡೆ. ಅರಿಜೋನ, ಜಾರ್ಜಿಯ, ವಿಸ್ಕಾನ್ಸಿನ್‌ಗಳಲ್ಲಿ ಒಟ್ಟು ಸುಮಾರು 43 ಸಾವಿರ. ಆ ಮೂರು ಕೈತಪ್ಪಿದ್ದರೆ ಎಲೆಕ್ಟರುಗಳು 269–269, ಸಮಬಲ. ಆಗ ತೀರ್ಪು ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯದು, ರಾಜ್ಯಕ್ಕೊಂದೇ ಮತ. ಅಲ್ಲಿ ಕ್ಯಾಲಿಫೋರ್ನಿಯಕ್ಕೂ ಒಂದೇ ಮತ, ಪುಟ್ಟ ಜನಸಂಖ್ಯೆಯ ವಯೋಮಿಂಗ್‌ಗೂ ಒಂದೇ.

ಆದ್ದರಿಂದ ಇಡೀ ದೇಶದ ಸಮೀಕ್ಷೆಗಳನ್ನು ನನಗೆ ಕಳುಹಿಸಬೇಡಿ. 2016ರಲ್ಲಿ ನಾನೂ ಅವನ್ನು ನಂಬಿ ಕೈಸುಟ್ಟುಕೊಂಡೆ. ಅವು ಹೆಚ್ಚೇನೂ ತಪ್ಪಿರಲಿಲ್ಲ, ನಾನು ನೋಡಿದ್ದೇ ತಪ್ಪು ಜಾಗ. ಈಗ ವಿಸ್ಕಾನ್ಸಿನ್ ಎಣಿಕೆ ಮುಗಿಯುವ ತನಕ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಅಭ್ಯರ್ಥಿ ತವರು ರಾಜ್ಯವನ್ನಾದರೂ ಗೆದ್ದೇ ಗೆಲ್ಲುತ್ತಾರಲ್ಲವೇ?

2000ದ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಅಲ್ ಗೋರ್ ತಮ್ಮ ತವರು ಟೆನೆಸ್ಸಿಯಲ್ಲೇ ಸೋತರು. ಗೆದ್ದಿದ್ದರೆ, ಅವರು 537 ಮತಗಳಿಂದ ಸೋತ ಫ್ಲಾರಿಡದ ರಗಳೆಯೇ ಬೇಕಿರಲಿಲ್ಲ.

ಪ್ರಶ್ನೆ: ಒಹಾಯೊ ಗೆದ್ದವರೇ ಅಧ್ಯಕ್ಷರಂತೆ?

2020ರಲ್ಲಿ ಸುಳ್ಳಾಯಿತು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಗ್ರೀನ್ ಕಾರ್ಡ್ ಸಿಕ್ಕಿದೆ. ಯಾರಿಗೆ ಮತ ಹಾಕಲಿ ಎನ್ನುತ್ತಾಳೆ.

ಯಾರಿಗೂ ಹಾಕುವಂತಿಲ್ಲ. ಪೌರತ್ವ ಬರಲಿ, ಆಮೇಲೆ ಬರೆಯಿರಿ.

ಪ್ರಶ್ನೆ: ನಮ್ಮ ಜ್ಯೋತಿಷಿಗಳು ಅಭ್ಯರ್ಥಿಗಳ ಜಾತಕ ನೋಡಿ ಫಲಿತಾಂಶ ಹೇಳಿಬಿಟ್ಟಿದ್ದಾರೆ.

ಪೆನ್ಸಿಲ್ವೇನಿಯದಲ್ಲಿ ಎಷ್ಟು ಮತಗಳ ಅಂತರ ಎಂದು ಕೇಳಿ ನೋಡಿ.