ಬಿಟ್ ಎಣಿಸುವ ಮೊದಲು ವೈರ್ ಎಣಿಸಿ

ಪ್ರಶ್ನೆ: ಕಲಬುರಗಿಯ ನಮ್ಮ ದಾಲ್ ಮಿಲ್‌ನ ಡ್ರೈಯರ್‌ಗೆ ತಾಪ ಅಳೆಯುವ ಎಂಟು ಪಿಟಿ-100 ಸೆನ್ಸರ್‌ಗಳನ್ನು ಹಾಕಿದ್ದೇವೆ. ಪ್ಯಾನೆಲ್ 30 ಮೀಟರ್ ದೂರದಲ್ಲಿದೆ. ಎಲ್ಲ ಸೆನ್ಸರ್‌ಗಳೂ ಸುಮಾರು ಐದು ಡಿಗ್ರಿ ಹೆಚ್ಚು ತೋರಿಸುತ್ತವೆ. ಸೆನ್ಸರ್‌ನ ಸಂಕೇತವನ್ನು ಅಂಕಿಯಾಗಿಸುವ ಈಗಿನ 16 ಬಿಟ್ ಡೇಟಾ ಅಕ್ವಿಸಿಷನ್ ಕಾರ್ಡ್ ತೆಗೆದು 24 ಬಿಟ್‌ನದು ಕೊಂಡರೆ ಸರಿಹೋಗುವುದೇ?

ಉತ್ತರ: ಸರಿಹೋಗುವುದಿಲ್ಲ. ಸೇಡಂ, ಹುಮನಾಬಾದ್, ಕಡೇಚೂರು ಕಡೆಯವರು ಕೇಳುವುದೂ ಇದನ್ನೇ. ಎಲ್ಲರೂ ಬಿಟ್‌ಗಳ, ಅಂದರೆ ಕಾರ್ಡ್ ಅಳತೆಯನ್ನು ಎಷ್ಟು ಸಣ್ಣ ಮೆಟ್ಟಿಲುಗಳಾಗಿ ಒಡೆಯುತ್ತದೆ ಎಂಬುದರ, ಲೆಕ್ಕ ಬರೆಯುತ್ತಾರೆ. ಸೆನ್ಸರ್‌ನಿಂದ ಎಷ್ಟು ವೈರ್ ಬಂದಿವೆ ಎಂದು ಒಬ್ಬರೂ ಬರೆಯುವುದಿಲ್ಲ. ನೀವೂ ಬರೆದಿಲ್ಲ, ಆದರೆ ಆ ಐದು ಡಿಗ್ರಿಯೇ ನಿಮ್ಮದು ಎರಡು ವೈರ್‌ನ ಜೋಡಣೆ ಎಂದು ಹೇಳುತ್ತಿದೆ. ಅರ್ಧ ಚದರ ಮಿಲಿಮೀಟರ್ ತಾಮ್ರದ ವೈರ್ ಹೋಗಿ ಬರುವ 60 ಮೀಟರ್‌ಗೆ ಎರಡು ಓಮ್‌ಗಿಂತ ತುಸು ಹೆಚ್ಚು ರೋಧ ಸೇರಿಸುತ್ತದೆ. ಪಿಟಿ-100 ಎಂದರೆ ಸೊನ್ನೆ ಡಿಗ್ರಿಯಲ್ಲಿ 100 ಓಮ್ ರೋಧವಿರುವ ಪ್ಲಾಟಿನಂ ಸೆನ್ಸರ್; ಅದರ ರೋಧ ಡಿಗ್ರಿಗೆ ಬದಲಾಗುವುದು ಸುಮಾರು 0.385 ಓಮ್ ಮಾತ್ರ. ಭಾಗಿಸಿ ನೋಡಿ.

ಸಾಫ್ಟ್‌ವೇರ್‌ನಲ್ಲಿ ಐದು ಡಿಗ್ರಿ ಕಳೆದುಬಿಡಿ ಎಂದು ಸಲಹೆ ಕೊಡುವ ಮಾರಾಟಗಾರರನ್ನು ದಯವಿಟ್ಟು ಬಾಗಿಲಲ್ಲೇ ತಡೆಯಿರಿ. ತಾಮ್ರದ ರೋಧವೂ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ. ಜನವರಿಯ ಮುಂಜಾನೆ 15 ಡಿಗ್ರಿಯಲ್ಲಿದ್ದ ವೈರ್, ಮೇ ತಿಂಗಳ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ 55ಕ್ಕೆ ಕಾದರೆ, ನೀವು ಕಳೆದ ಲೆಕ್ಕವೇ ಸುಮಾರು 0.8 ಡಿಗ್ರಿ ತಪ್ಪುತ್ತದೆ.

ಆದ್ದರಿಂದ ನಾಲ್ಕು ವೈರ್ ಎಳೆಸಿ, ನಾಲ್ಕು ವೈರ್‌ನ ಅಳತೆಗೆಂದೇ ಮಾಡಿದ ಕಾರ್ಡ್ ಕೊಳ್ಳಿ. ಎರಡು ವೈರ್ ಕರೆಂಟ್ ಒಯ್ಯುತ್ತವೆ; ಉಳಿದೆರಡು ಸೆನ್ಸರ್‌ನ ವೋಲ್ಟೇಜನ್ನು ಮಾತ್ರ ನೋಡುತ್ತವೆ, ಅವುಗಳಲ್ಲಿ ಕರೆಂಟ್ ಹರಿಯುವುದೇ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ವೈರ್‌ನ ರೋಧ ಲೆಕ್ಕಕ್ಕೆ ಬರುವುದಿಲ್ಲ. ಮೂರು ವೈರ್ ಸಾಕೆಂದು ಹಲವರು ವಾದಿಸುತ್ತಾರೆ. ಮೂರೂ ವೈರ್‌ಗಳ ರೋಧ ಸಮವಾಗಿರುವವರೆಗೆ ಅದು ನಿಜ. ಧೂಳು ತುಂಬಿದ ಮಿಲ್‌ನಲ್ಲಿ ಒಂದು ಟರ್ಮಿನಲ್ ಸಡಿಲಾದರೂ ಆ ಸಮತೋಲ ಕೆಡುವುದರಿಂದ ಹೊಸ ಕೆಲಸದಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ಇನ್ನು ಬಿಟ್‌ಗಳ ಮಾತು. ಒಂದು ಮಿಲಿಆಂಪಿಯರ್ ಕರೆಂಟಿಗೆ ನಿಮಗೆ ಸಿಗುವುದು ಡಿಗ್ರಿಗೆ 0.385 ಮಿಲಿವೋಲ್ಟ್. ಧನ ಋಣ 10 ವೋಲ್ಟ್‌ನ ಸಾಮಾನ್ಯ 16 ಬಿಟ್ ಕಾರ್ಡಿನ ಒಂದು ಮೆಟ್ಟಿಲೇ 0.3 ಮಿಲಿವೋಲ್ಟ್ ಇರುವುದರಿಂದ ಅದು ನಿಷ್ಪ್ರಯೋಜಕ. ಅದೇ 16 ಬಿಟ್, ಧನ ಋಣ 250 ಮಿಲಿವೋಲ್ಟ್ ವ್ಯಾಪ್ತಿಯಲ್ಲಿ 0.02 ಡಿಗ್ರಿಯನ್ನು ಬಿಡಿಸಿ ತೋರಿಸುತ್ತದೆ. ಬಿ ದರ್ಜೆಯ ಸೆನ್ಸರ್‌ಗೆ 100 ಡಿಗ್ರಿಯಲ್ಲಿ 0.8 ಡಿಗ್ರಿ ಹೆಚ್ಚುಕಡಿಮೆಯಾಗಲು ಐಇಸಿ 60751 ಎಂಬ ಅಂತರರಾಷ್ಟ್ರೀಯ ಮಾನಕವೇ ಅವಕಾಶ ಕೊಟ್ಟಿರುವಾಗ, ಸಾವಿರದಲ್ಲೊಂದು ಡಿಗ್ರಿಯ ಆಸೆ ಯಾರಿಗಾಗಿ? ಸಂಕೇತ ದೊಡ್ಡದಾಗಲೆಂದು ಐದು ಮಿಲಿಆಂಪಿಯರ್ ಹರಿಸಲೂ ಬೇಡಿ. ಸೆನ್ಸರ್ ತನ್ನೊಳಗೇ 25 ಪಟ್ಟು ಹೆಚ್ಚು ಬಿಸಿ ಹುಟ್ಟಿಸುತ್ತದೆ.

ಕಾರ್ಡಿನ ವಿವರಪತ್ರದಲ್ಲಿ ನಿಖರತೆಯನ್ನು ಬಹುಮಟ್ಟಿಗೆ 23 ಅಥವಾ 25 ಡಿಗ್ರಿಯ ಕೋಣೆಗೆ ಬರೆದಿರುತ್ತಾರೆ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಮುಚ್ಚಿದ ಪ್ಯಾನೆಲ್‌ನ ಒಳಗೆ ಅಂಥ ಕೋಣೆ ಎಲ್ಲಿದೆ? ಪೂರ್ಣ ತಾಪವ್ಯಾಪ್ತಿಯ ಅಂಕಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ವಿದ್ಯುತ್ ಲೈನ್‌ನಿಂದ ಸಂಕೇತಕ್ಕೆ ಸೇರುವ 50 ಹರ್ಟ್ಸ್ ಗದ್ದಲವನ್ನು ತಡೆಯುವ ಸೌಲಭ್ಯ ಕಡ್ಡಾಯ. ಡ್ರೈಯರ್‌ನ ತಾಪ ನಿಧಾನವಾಗಿ ಬದಲಾಗುವುದರಿಂದ ಸೆಕೆಂಡಿಗೊಂದು ಓದು ಧಾರಾಳವಾಯಿತು. ಹಣ ಕೊಡುವ ಮುನ್ನ ನಾನಂತೂ ಸೆನ್ಸರ್ ಇರುವ ತುದಿಯಲ್ಲಿ 100 ಓಮ್‌ನ ನಿಖರ ರೆಸಿಸ್ಟರ್ ಕಟ್ಟಿಸಿ, ಉರಿ ಮಧ್ಯಾಹ್ನದಲ್ಲಿ ಕಾರ್ಡ್ ಸೊನ್ನೆ ಡಿಗ್ರಿ ತೋರಿಸುವುದೇ ಎಂದು ನೋಡುತ್ತೇನೆ.

ಪ್ರಶ್ನೆ: ಥರ್ಮೋಕಪಲ್ ಕಾರ್ಡಿಗೆ ಪಿಟಿ-100 ಜೋಡಿಸಬಹುದೇ? (ಯಾದಗಿರಿ)

ಉತ್ತರ: ಇಲ್ಲ. ಥರ್ಮೋಕಪಲ್ ತಾಪಕ್ಕೆ ತಕ್ಕ ವೋಲ್ಟೇಜನ್ನು ತಾನೇ ಹುಟ್ಟಿಸುವುದರಿಂದ ಅದರ ಕಾರ್ಡ್ ಕರೆಂಟ್ ಹರಿಸುವುದಿಲ್ಲ; ಪಿಟಿ-100ಕ್ಕೆ ಕರೆಂಟ್ ಕೊಡುವವರಾರು?

ಪ್ರಶ್ನೆ: ಹಳೆಯ ಎರಡು ವೈರ್ ಬದಲಿಸಲು ಸಾಧ್ಯವೇ ಇಲ್ಲದಿದ್ದರೆ? (ಬೀದರ್)

ಉತ್ತರ: ರೋಧ ಹತ್ತು ಪಟ್ಟು ಇರುವ ಪಿಟಿ-1000 ಸೆನ್ಸರ್ ಹಾಕಿ, ವೈರ್‌ನ ದೋಷ ಹತ್ತರಲ್ಲೊಂದಕ್ಕೆ ಇಳಿಯುತ್ತದೆ, ಆದರೆ ನಿಮ್ಮ ಕಾರ್ಡ್ ಅದನ್ನು ಓದಬಲ್ಲದೇ ಎಂದು ಮೊದಲು ನೋಡಿಕೊಳ್ಳಿ.