ಗಾಡಿ ಪ್ರಶ್ನೋತ್ತರ: ಸ್ಟೇರಿಂಗ್ ಬಾಕ್ಸ್ ಸ್ಕ್ರೂ ಕೊನೆಗೆ ಮುಟ್ಟಿ

ಪ್ರಶ್ನೆ: ನನ್ನದು ಹಳೇ ಪಿಕಪ್. ಮುಂದೆ ಪಟ್ಟಿ ಸ್ಪ್ರಿಂಗ್, ನೇರ ಆಕ್ಸಲ್, ಪವರ್ ಸ್ಟೇರಿಂಗ್ ಇಲ್ಲ. ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಓಡಾಡುತ್ತೇನೆ. ಸ್ಟೇರಿಂಗ್ ನಾಲ್ಕು ಬೆರಳಷ್ಟು ಖಾಲಿ ತಿರುಗಿದ ಮೇಲೇ ಗಾಲಿ ಅಲುಗುತ್ತದೆ. ಬಾಕ್ಸ್ ಮೇಲಿನ ಸ್ಕ್ರೂ ಟೈಟ್ ಮಾಡಿದರೆ ಸರಿಹೋಗುತ್ತೆ ಅಂತಾರೆ. ಮಾಡಿಸಲೇ?
– ಓದುಗರು, ಜಗಳೂರು

ಉತ್ತರ: ಈಗಲೇ ಬೇಡ. ಇಂಥ ಗಾಡಿಯಲ್ಲಿ ಸ್ಟೇರಿಂಗ್ ಅಂಚಿನಲ್ಲಿ 25–30 ಮಿ.ಮೀ. ಪ್ಲೇ (ಖಾಲಿ ತಿರುಗಾಟ) ಮಾಮೂಲು. 50 ದಾಟಿದರೆ ಲೋಡ್ ಹಾಕುವಂತಿಲ್ಲ, ನಿಮ್ಮದು ದಾಟಿದೆ. ಆದರೆ ಪ್ಲೇ ಎಲ್ಲಿದೆ ಅಂತ ನೋಡದೆ ಸ್ಕ್ರೂ ತಿರುಗಿಸಿದರೆ ಸವೆದ ಜಾಯಿಂಟ್ ಹಾಗೇ ಉಳಿಯುತ್ತದೆ, ಬಾಕ್ಸ್ ಬೇರೆ ಕೆಡುತ್ತದೆ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಹಿಂದಿನ ಗಾಲಿಗೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ, ಮುಂದಿನ ಗಾಲಿ ನೆಲದ ಮೇಲೇ ಇರಲಿ. ಒಬ್ಬರು ಸ್ಟೇರಿಂಗನ್ನು ಆಚೀಚೆ ಸ್ವಲ್ಪ ಸ್ವಲ್ಪ ಆಡಿಸುತ್ತಿರಲಿ, ನೀವು ಕೆಳಗಿನಿಂದ ಒಂದೊಂದೇ ಜಾಯಿಂಟ್ ಹಿಡಿದು ನೋಡಿ. ಕಾಲಮ್ಮಿನ ಕ್ರಾಸ್ ಜಾಯಿಂಟ್, ಬಾಕ್ಸ್, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬಂದ ತೋಳು), ಡ್ರ್ಯಾಗ್ ಲಿಂಕ್‌ನ (ಆ ತೋಳಿನಿಂದ ಗಾಲಿಯ ಕಡೆಗೆ ಹೋಗುವ ಸರಳು) ಎರಡು ತುದಿ, ಟೈ ರಾಡ್‌ನ (ಎರಡೂ ಗಾಲಿಯನ್ನು ಜೋಡಿಸುವ ಸರಳು) ಎರಡು ತುದಿ, ಇದೇ ವರಸೆ. ಒಂದು ಕಡೆ ಅಲುಗಿ ಇನ್ನೊಂದು ಕಡೆ ಸುಮ್ಮನಿದ್ದರೆ ಕಳ್ಳ ಅಲ್ಲೇ. ಕಣ್ಣಿಗೆ ಕಾಣದ ಲೂಸು ಬೆರಳಿಗೆ 'ಟಕ್' ಅಂತ ಗೊತ್ತಾಗುತ್ತದೆ. ಬಾಕ್ಸ್ ಕೂತಿರುವ ಚಾಸಿಯ ಜಾಗವನ್ನೂ ಒರೆಸಿ ನೋಡಿ. ಬೋಲ್ಟ್ ಸಡಿಲವಾಗಿ ಬಾಕ್ಸೇ ಅಲುಗುವುದುಂಟು, ಚಾಸಿ ಬಿರುಕು ಬಿಟ್ಟಿರುವುದೂ ಉಂಟು.

ರಬ್ಬರ್ ಬೂಟ್ ಹರಿದ ಟೈ ರಾಡ್ ಎಂಡ್ ಹೆಚ್ಚು ದಿನ ಬಾಳುವುದಿಲ್ಲ. ಹೊಲದ ದಾರಿಯ ಧೂಳು ಗ್ರೀಸಿಗೆ ಸೇರಿ ಒಳಗಿನ ಗುಂಡನ್ನು (ಬಾಲ್) ಅರೆದುಹಾಕುತ್ತದೆ. ಒಂದು ತುದಿ ಹೋಗಿದ್ದರೆ ಎರಡನ್ನೂ ಬದಲಿಸುವುದೇ ವಾಸಿ. ಕ್ಯಾಸಲ್ ನಟ್ (ಪಿನ್ ಕೂರಲು ತಲೆಯಲ್ಲಿ ಸೀಳಿರುವ ನಟ್) ಬಿಗಿ ಮಾಡಿದಾಗ ಸ್ಪ್ಲಿಟ್ ಪಿನ್ ತೂತು ಕೂಡದಿದ್ದರೆ ಇನ್ನಷ್ಟು ಬಿಗಿ ಮಾಡಿ ಕೂಡಿಸಿ, ಸಡಿಲ ಮಾಡಿ ಅಲ್ಲ. ಪಿನ್ ಹೊಸದೇ ಆಗಬೇಕು.

ಆಮೇಲೆ ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಗಾಲಿ ಎತ್ತಿ, ಸ್ಟ್ಯಾಂಡ್ ಇಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಅಲ್ಲಾಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಗಾಲಿ ಎಡಬಲಕ್ಕೆ ತಿರುಗುವ ಕೀಲಿನ ಪಿನ್. ಬೇರಿಂಗ್ ಚೆನ್ನಾಗಿದ್ದರೆ ಸೆಟ್ಟಿಂಗಿಗೇ ಸರಿಹೋದೀತು. ಕಿಂಗ್ ಪಿನ್ನಿಗೆ ಹೊಸ ಬುಷ್ ಒತ್ತಿ, ಪಿನ್ನಿನ ಅಳತೆಗೆ ರೀಮರ್ ಹೊಡೆಸಬೇಕು (ಬುಷ್ಷಿನ ತೂತನ್ನು ನಯವಾಗಿ ಅಗಲಿಸಬೇಕು), ಅದು ಲೇತ್‌ನವರ ಕೆಲಸ. ಗ್ರೀಸ್ ಹೊಡೆಯುವಾಗ ಗಾಲಿ ಎತ್ತಿರಲಿ, ಭಾರ ಇದ್ದರೆ ಕೆಳಗಿನ ಬೇರಿಂಗಿಗೆ ಗ್ರೀಸ್ ಹೋಗುವುದಿಲ್ಲ. ಹಳೇ ಕರಿ ಗ್ರೀಸ್ ಹೊರಬರುವ ತನಕ ಹೊಡೆಯಿರಿ.

ಇಷ್ಟೆಲ್ಲ ಸರಿಯಿದ್ದೂ ಪ್ಲೇ ಉಳಿದರೆ ಆಗ ಬಾಕ್ಸ್. ಮೊದಲು ಆಯಿಲ್ ನೋಡಿ. ಡ್ರ್ಯಾಗ್ ಲಿಂಕನ್ನು ಪಿಟ್‌ಮನ್ ಆರ್ಮ್‌ನಿಂದ ಬಿಡಿಸಿ, ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುತ್ತು ಎಣಿಸಿ ಸರಿಯಾಗಿ ನಡುವೆ ತನ್ನಿ. ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ಒಳಕ್ಕೆ ತಿರುಗಿಸಿ, ನೋಡಿ, ಬೇಕಾದರೆ ಮತ್ತಷ್ಟು. ನಡುವೆಯೇ ಯಾಕೆಂದರೆ, ಹಲ್ಲುಗಳು ಅಲ್ಲೇ ಅತಿ ಬಿಗಿಯಾಗಿ ಕೂಡುವಂತೆ ಮಾಡಿರುತ್ತಾರೆ. ಸ್ಟೇರಿಂಗ್ ತಿರುಗಿಸಿಟ್ಟು ಟೈಟ್ ಮಾಡಿದರೆ ನಡುವೆ ಬಂದಾಗ ಹಿಡಿದುಕೊಳ್ಳುತ್ತದೆ. ಲಿಂಕ್ ಮತ್ತೆ ಜೋಡಿಸಿ ಓಡಿಸಿದಾಗ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರದಿದ್ದರೆ ಅತಿ ಬಿಗಿಯಾಗಿದೆ ಎಂದೇ ಅರ್ಥ. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೆ ತಿರುಗದಂತೆ ಸ್ಕ್ರೂಡ್ರೈವರ್‌ನಲ್ಲಿ ಹಿಡಿದಿರಿ.

ಪ್ರಶ್ನೆ: ಟೈ ರಾಡ್ ಎಂಡ್ ಬದಲಿಸಿದ ಮೇಲೆ ಮುಂದಿನ ಎರಡೂ ಟೈರಿನ ಒಳ ಅಂಚು ಸವೆಯುತ್ತಿದೆ.
– ಓದುಗರು, ಚಳ್ಳಕೆರೆ

ಉತ್ತರ: ಟೋ ಹೊರಕ್ಕೆ ಹೋಗಿದೆ, ಅಂದರೆ ಎರಡೂ ಟೈರಿನ ಮುಂಭಾಗ ಹೊರಕ್ಕೆ ತಿರುಗಿದೆ. ಎರಡೂ ಟೈರಿನ ಮುಂಭಾಗದಲ್ಲಿ ಹಬ್ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನಡುವಿನ ಅಂತರ ಅಳೆಯಿರಿ. ಗುರುತು ಹಿಂದಕ್ಕೆ ಬರುವಷ್ಟು ಗಾಡಿ ಮುಂದೆ ತಳ್ಳಿ ಮತ್ತೆ ಅಳೆಯಿರಿ. ಮುಂಭಾಗದ ಅಳತೆ ಹಿಂಭಾಗದ್ದಕ್ಕಿಂತ ಸುಮಾರು 1–3 ಮಿ.ಮೀ. ಕಡಿಮೆ ಇರಬೇಕು, ಕಂಪನಿ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಟೈ ರಾಡ್ ಆಕ್ಸಲ್ ಹಿಂದಿದ್ದರೆ ಅದನ್ನು ಉದ್ದ ಮಾಡಿದಷ್ಟೂ ಟೈರಿನ ಮುಂಭಾಗ ಒಳಕ್ಕೆ ಬರುತ್ತದೆ, ಮುಂದಿದ್ದರೆ ಉಲ್ಟಾ. ಕ್ಲಾಂಪ್ ಬೋಲ್ಟ್ ಬಿಗಿ ಮಾಡಿ, ಸ್ವಲ್ಪ ದೂರ ಓಡಿಸಿ ಬಂದು ಇನ್ನೊಮ್ಮೆ ಅಳೆಯಿರಿ.