ವಿಕ್ಟೋರಿಯಾ ಕಾಲದ ಲಂಡನ್‌ನಲ್ಲಿ ಜೈಲು ಸುಧಾರಣೆ ಆಗಲೇಬೇಕು ಅಂತ ಕೂಗು ಎದ್ದಿದ್ದು ಯಾಕೆ?

ತಮಾಷೆ ಏನಂದ್ರೆ, ಆ ಜೈಲುಗಳನ್ನು ಕಟ್ಟಿದ್ದೇ ಸುಧಾರಣೆಯ ಹೆಸರಿನಲ್ಲಿ. ಹಳೇ ಜೈಲುಗಳಲ್ಲಿ ಎಲ್ಲರನ್ನೂ ಒಟ್ಟಿಗೆ ತುಂಬುತ್ತಿದ್ದರು. ಗಲೀಜು, ಜ್ವರ, ಜೊತೆಗೆ ಹೊಸಬರಿಗೆ ಪಳಗಿದ ಕಳ್ಳರ ಪಾಠ ಬೇರೆ. ಇದಕ್ಕೆ ಮದ್ದು ಅಂತ 1842ರಲ್ಲಿ ಉತ್ತರ ಲಂಡನ್‌ನಲ್ಲಿ ಪೆಂಟನ್‌ವಿಲ್ ಜೈಲು ಶುರುವಾಯಿತು. 520 ಕೋಣೆ, ಕೋಣೆಗೊಬ್ಬ ಕೈದಿ. ಒಬ್ಬನೇ ಕೂತರೆ ತಪ್ಪಿನ ಅರಿವಾಗುತ್ತದೆ ಅನ್ನೋ ನಂಬಿಕೆ. ಹೊರಗೆ ಕಾಲಿಟ್ಟರೆ ಮುಖ ಮುಚ್ಚುವ ಟೋಪಿ. ಪ್ರಾರ್ಥನೆಯಲ್ಲೂ ಪಕ್ಕದವನು ಕಾಣದಂತೆ ಅಡ್ಡ ಹಲಗೆ. ಕೆಲವರಿಗೆ ಬುದ್ಧಿ ಬರುವ ಬದಲು ಬುದ್ಧಿಯೇ ಕೆಟ್ಟಿತು.

1865ರ ಕಾನೂನು ಬಂದ ಮೇಲೆ ಕಠಿಣ ದುಡಿಮೆ, ಅರೆಹೊಟ್ಟೆ ಊಟ, ಹಲಗೆಯ ಹಾಸಿಗೆ. ಕ್ರ್ಯಾಂಕ್ ಅಂತ ಒಂದು ಯಂತ್ರವಿತ್ತು. ಅದರ ಹಿಡಿಯನ್ನು ದಿನಕ್ಕೆ ಸಾವಿರಾರು ಸಲ ತಿರುಗಿಸಬೇಕು. ಅದರಿಂದ ಹಿಟ್ಟೂ ಬರಲ್ಲ, ನೀರೂ ಬರಲ್ಲ, ಸುಮ್ನೆ ತಿರುಗಿಸೋದು! ಇಂಥವನು ಬಿಡುಗಡೆಯಾದ ಮೇಲೆ ಯಾವ ಕೆಲಸ ಮಾಡಿಯಾನು? ಸುಧಾರಣೆ ಬೇಕು ಅಂದವರ ಗಟ್ಟಿ ವಾದ ಇದೇ ಅಂತ ನನಗನ್ನಿಸುತ್ತದೆ.

ಮಕ್ಕಳನ್ನೂ ಬಿಟ್ಟಿರಲಿಲ್ಲ. ಎರಡು ವರ್ಷದ ಸಜೆ ಮುಗಿಸಿದ ಸಾಹಿತಿ ಆಸ್ಕರ್ ವೈಲ್ಡ್ 1897ರಲ್ಲಿ ಡೈಲಿ ಕ್ರಾನಿಕಲ್ ಪತ್ರಿಕೆಗೆ ಪತ್ರ ಬರೆದ. ರೆಡಿಂಗ್ ಜೈಲಿನಲ್ಲಿ ಹಸಿದ ಪುಟ್ಟ ಹುಡುಗನಿಗೆ ಬಿಸ್ಕತ್ತು ಕೊಟ್ಟ ಕಾವಲುಗಾರನನ್ನು ಕೆಲಸದಿಂದಲೇ ತೆಗೆದುಹಾಕಿದ್ದರಂತೆ.

ಅಷ್ಟರಲ್ಲಿ ಸರ್ಕಾರದ ಗ್ಲ್ಯಾಡ್‌ಸ್ಟನ್ ಸಮಿತಿಯೂ 1895ರಲ್ಲಿ, ಹೆದರಿಸಿದರಷ್ಟೇ ಸಾಲದು, ಕೈದಿಯನ್ನು ತಿದ್ದಲೂಬೇಕು ಅಂದಿತ್ತು. 1898ರ ಕಾನೂನಿನ ನಂತರ ಕ್ರ್ಯಾಂಕ್ ಮೂಲೆ ಸೇರಿತು. ಒಂಟಿ ಕೋಣೆಗಳು ಮಾತ್ರ ಹಾಗೇ ಉಳಿದವು.